ಬೆನ್ನ ಮೇಲಿನ ಹೆಸರು

ಬಾದನಹಟ್ಟಿ
28 ಸೆಪ್ಟೆಂಬರ್ 2023

ಸತ್ಯನಾರಾಯಣಪೇಟೆಯ ಸುನಂದಾ ಮೇಡಂ ಅವರಿಗೆ ನಮಸ್ಕಾರ.

ನಾನು ಬಾದನಹಟ್ಟಿಯ ಅಂಗನವಾಡಿ ಕಾರ್ಯಕರ್ತೆ ಯಂಕಮ್ಮ. ನಮ್ಮೂರ ಕೊಟ್ಟೂರಪ್ಪನ ಟೆಂಪೊ ಮೆಣಸಿನಕಾಯಿ ಚೀಲ ಹಾಕಿಕೊಂಡು ಬಳ್ಳಾರಿಗೆ ಬರುತ್ತದೆ. ಅವನ ಕೈಯಲ್ಲಿ ಒಂದು ಕೆಂಪು ಅಂಗಿ ಕಳಿಸಿದ್ದೇನೆ. ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ನಮ್ಮೂರ ಕಬಡ್ಡಿ ಹುಡುಗರ ಅಂಗಿಗಳಿಗೆ ಹೆಸರು, ನಂಬರು ಹಾಕಿಕೊಟ್ಟವರು ನೀವೇ. ಅದೇ ಥರ ಇದಕ್ಕೂ ಬೆನ್ನ ಮೇಲೆ ‘ರಾಮಾಂಜಿನಿ’ ಎಂದು, ಅದರ ಕೆಳಗೆ ದೊಡ್ಡದಾಗಿ 7 ಎಂದು ಬಿಳಿ ಅಕ್ಷರದಲ್ಲಿ ಹಾಕಿಕೊಡಿ. ಆಗಿನ ಅಂಗಿ ಮೂವತ್ತಾರರ ಅಳತೆ. ಇದು ಮೂವತ್ತೆಂಟು. ನನ್ನ ಮಗನಿಗೆ ಬೆಳೆಯುವ ವಯಸ್ಸು.

ಒಂದು ದೂರು ಇದೆ, ಬೇಸರ ಮಾಡಿಕೊಳ್ಳಬೇಡಿ. ಹಿಂದಿನ ಅಂಗಿಯಲ್ಲಿ ಏಳರ ಬಾಲ ಒಗೆತಕ್ಕೆ ಮೇಲೆದ್ದಿತ್ತು. ನಾಳೆ ಆಟವಿದೆ ಎನ್ನುವಾಗ ಅವನು ಮನೆಯೆಲ್ಲ ತಲೆಯ ಮೇಲೆ ಹೊತ್ತ. ನಾನು ತಂಬಿಗೆಗೆ ಕೆಂಡ ತುಂಬಿ ಅದರ ಮೇಲೆ ಒತ್ತಿದೆ. ಬಾಲ ಅಂಟಿತು, ಆದರೆ ತಂಬಿಗೆಯ ಅಂಚು ಬಿದ್ದಲ್ಲಿ ಅರ್ಧಚಂದ್ರದಂಥ ಕಲೆ ಉಳಿಯಿತು. “ಯವ್ವಾ, ಏಳಕ್ಕ ಚಂದ್ರನ್ನ ಕಟ್ಟಿದೆಲ್ಲ” ಎಂದು ನಕ್ಕ. ಈ ಸಲ ಅಂಟು ಗಟ್ಟಿಯಿರುವಂತೆ ನೋಡಿ.

ಇನ್ನೊಂದು ಮಾತು. ನನಗೆ ಫೋನ್ ಮಾತ್ರ ಮಾಡಬೇಡಿ. ಏನಿದ್ದರೂ ಚೀಟಿ ಬರೆದು ಟೆಂಪೊದಲ್ಲಿ ಕಳಿಸಿ.

ಇಂತಿ,
ಯಂಕಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
3 ಅಕ್ಟೋಬರ್ 2023

ಯಂಕಮ್ಮನವರಿಗೆ,

ಬಸವಣ್ಣನ ದಯೆಯಿಂದ ಇಲ್ಲಿ ಎಲ್ಲ ಸೌಖ್ಯ, ಬಿಸಿಲೊಂದನ್ನು ಬಿಟ್ಟು. ಹೊರಗೆ ಬಳ್ಳಾರಿ ಕಾಯುತ್ತದೆ, ಒಳಗೆ ನನ್ನ ಹೀಟ್ ಪ್ರೆಸ್ ಕಾಯುತ್ತದೆ, ನಡುವೆ ನಾನು ರೊಟ್ಟಿಯಂತೆ ಬೇಯುತ್ತೇನೆ. ಈ ಕಾಲದಲ್ಲಿ ನನ್ನಿಂದ ಪತ್ರ ಬರೆಸಿದ ಗಿರಾಕಿ ನೀವೊಬ್ಬರೇ. ಪೆನ್ನು ಹುಡುಕಲಿಕ್ಕೇ ಅರ್ಧ ಗಂಟೆ ಹೋಯಿತು.

ನಿಮ್ಮ ದೂರು ಒಪ್ಪಿದೆ. ಆದರೆ ತಾಯೀ, ವಿನೈಲ್ ಅಕ್ಷರದ ಮೇಲೆ ತಂಬಿಗೆ ಇಟ್ಟವರನ್ನು ನಾನು ಇದೇ ಮೊದಲು ಕಂಡದ್ದು! ನಮ್ಮ ಪ್ರೆಸ್ಸೂ ಬಿಸಿಯೇ, ಆದರೂ ಮೇಲೊಂದು ಬಟರ್ ಪೇಪರ್ ಇಡದೆ ಒತ್ತುವುದಿಲ್ಲ. ಇನ್ನು ಮುಂದೆ ಅಂಗಿಯನ್ನು ಒಳಹೊರಗು ಮಾಡಿ ಒಗೆಯಿರಿ. ಬ್ರಷ್ ಹಾಕಬೇಡಿ, ಕಲ್ಲಿಗೆ ಬಡಿಯಬೇಡಿ. ಬಾಲ ಎದ್ದರೆ ನನ್ನ ಹತ್ತಿರ ಕಳಿಸಿ.

ನಮ್ಮ ಕೆಲಸದ ಗುಟ್ಟು ಹೇಳುತ್ತೇನೆ, ಕೇಳಿ. ವಿನೈಲ್ ಎಂಬ ಅಂಟಿನ ಹಾಳೆಯಲ್ಲಿ ಹೆಸರನ್ನು ಉಲ್ಟಾ ಕತ್ತರಿಸಬೇಕು. ಆಮೇಲೆ ಚಿಮುಟದಿಂದ ಹೆಸರನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು ತೆಗೆಯಬೇಕು. ಅದನ್ನು ಅಂಗಿಯ ಮೇಲೆ ಮಗುಚಿ ಒತ್ತಿದಾಗ ಹೆಸರು ನೆಟ್ಟಗಾಗುತ್ತದೆ. ಒಂದು ದಿನ ನಮ್ಮ ಯಜಮಾನರು ಚನ್ನಬಸವರಾಜರು ಸಹಾಯ ಮಾಡುತ್ತೇನೆಂದು ಕೂತು, ಉಲ್ಟಾ ಮಾಡುವುದನ್ನೇ ಮರೆತರು. ಕುರುಗೋಡಿನ ಒಂದು ವಾಲಿಬಾಲ್ ತಂಡ ಕನ್ನಡಿಯಲ್ಲಿ ಮಾತ್ರ ಓದಲು ಬರುವ ಹೆಸರು ಹೊತ್ತುಕೊಂಡು ಆಡಿತು. ಗೆದ್ದೂ ಬಂತು. ಯಾರು ಯಾರೆಂದು ಎದುರಿನವರಿಗೆ ತಿಳಿಯಲೇ ಇಲ್ಲವಂತೆ.

ರಾಮಾಂಜಿನಿ ಎಂದು ನಮ್ಮ ಜಿಲ್ಲೆಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ಚಂದ್ರನಿರುವ ಏಳು ಮಾತ್ರ ನಿಮ್ಮ ಮಗನದೊಂದೇ. ಮುಂದಿನ ಸಲ ಅಂಗಿಯ ಜೊತೆ ಅವನನ್ನೂ ಕಳಿಸಿ. ಭುಜದ ಅಳತೆ ನೋಡಿ ಹಾಕಿದರೆ ಹೆಸರು ಇನ್ನೂ ಚೆಂದ ಕೂರುತ್ತದೆ.

ನಿಮ್ಮ,
ಸುನಂದಾ


ಬಾದನಹಟ್ಟಿ
5 ಅಕ್ಟೋಬರ್ 2023

ಸುನಂದಾ ಮೇಡಂ ಅವರಿಗೆ,

ಅಂಗಿ ಬಂತು. ಅಕ್ಷರ ಗಟ್ಟಿಯಾಗಿ ಕೂತಿದೆ. ಮಗ ಊರಲ್ಲಿಲ್ಲ, ಆದ್ದರಿಂದ ಕಳಿಸಲಾಗುವುದಿಲ್ಲ. ಬಂದ ಮೇಲೆ ಹಾಕಿಕೊಳ್ಳುತ್ತಾನೆ.

ಅಲ್ಲಿಯವರೆಗೆ ಪಡಸಾಲೆಯ ಗೂಟಕ್ಕೆ ಹಾಕಿದ್ದೇನೆ. ಹೆಸರು ಕಾಣಲಿ ಎಂದು ಬೆನ್ನನ್ನು ಈಚೆ ಮಾಡಿದ್ದೇನೆ. ಅವನ ತಂಗಿ ಹೇಮಾ ಶಾಲೆಯಿಂದ ಬಂದವಳು ಹೊಸ್ತಿಲ ಹತ್ತಿರವೇ ನಿಂತುಬಿಟ್ಟಳು. ಒಳಗೆ ಬಾ ಎಂದು ನಾನೇ ಕರೆಯಬೇಕಾಯಿತು.

ಇಂತಿ,
ಯಂಕಮ್ಮ


ಬಾದನಹಟ್ಟಿ
12 ಸೆಪ್ಟೆಂಬರ್ 2024

ಸುನಂದಾ ಮೇಡಂ ಅವರಿಗೆ ನಮಸ್ಕಾರ.

ಮತ್ತೊಂದು ಅಂಗಿ ಕಳಿಸಿದ್ದೇನೆ. ಹೆಸರು ಅದೇ, ನಂಬರು ಅದೇ. ಅಳತೆ ನಲವತ್ತು. ಅವರಪ್ಪನೂ ಈ ವಯಸ್ಸಿಗೆ ಹೀಗೆಯೇ ಅಗಲ ಆದರಂತೆ, ನಮ್ಮತ್ತೆ ಹೇಳುತ್ತಿದ್ದರು.

ಹೇಮಾ ತನಗೂ ಒಂದು ಬೇಕೆಂದು ಹಟ ಮಾಡುತ್ತಾಳೆ. ಅವಳೂ ಈಗ ಶಾಲೆಯ ತಂಡದಲ್ಲಿ ಆಡುತ್ತಾಳೆ. ಅಣ್ಣ ಬರಲಿ, ಇಬ್ಬರಿಗೂ ಒಟ್ಟಿಗೆ ಹಾಕಿಸೋಣ ಎಂದಿದ್ದೇನೆ. ಅಮಾವಾಸ್ಯೆಯ ಒಳಗೆ ಅಂಗಿ ಬಂದರೆ ಉಪಕಾರ.

ಇಂತಿ,
ಯಂಕಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
19 ಸೆಪ್ಟೆಂಬರ್ 2024

ಯಂಕಮ್ಮನವರಿಗೆ,

ಅಂಗಿ ಕಳಿಸಿದ್ದೇನೆ. ಮಜೂರಿ ವಾಪಸ್ಸು ಅದರ ಜೇಬಿನಲ್ಲಿಟ್ಟಿದ್ದೇನೆ. ಯಾಕೆಂದು ಹೇಳದೆ ಇರಲು ನನ್ನಿಂದಾಗುವುದಿಲ್ಲ. ನನ್ನ ಬಾಯಿ ಎಂಥದೆಂದು ಇಡೀ ಸತ್ಯನಾರಾಯಣಪೇಟೆಗೆ ಗೊತ್ತು.

ನಿಮ್ಮ ಅಂಗಿಯನ್ನು ಪ್ರೆಸ್ಸಿನಿಂದ ಎತ್ತಿ ಮೇಜಿನ ಮೇಲೆ ಹಾಸಿದ್ದೆ. ಆಗ ನಿಮ್ಮೂರ ತಂಡದ ನಾಯಕ ಅಂಜಿನಪ್ಪ ಬಂದ. ಈ ವರ್ಷದ ಅಂಗಿಗಳ ಮಾತು ಆಡಬೇಕಿತ್ತು ಅವನಿಗೆ. ಹೆಸರು ಕಂಡದ್ದೇ ಆ ಮಾತು ಬಿಟ್ಟು ಅಂಗಿಯ ಕಡೆ ಬಗ್ಗಿದ. “ಇದನ್ನ ಯಾರು ಕೊಟ್ರು ಅಕ್ಕಾರೆ?” ಎಂದ. ಹೇಳಿದೆ. ತಲೆ ತಗ್ಗಿಸಿಕೊಂಡೇ ಹೇಳಿದ: “ರಾಮಾಂಜಿನಿ ಹೋಗಿ ಎರಡು ವರ್ಷ ಆತ್ರಿ. ಸಿರುಗುಪ್ಪದಾಗ ಆಟ ಗೆದ್ದ ದಿನಾನ ಹೊಳಿಗೆ ಹೋದ. ಹೆಣ ಸಿಗಲಿಲ್ಲ. ಯಂಕವ್ವ ನಂಬವಲ್ಲಳು. ನಾವೂ ಆಕಿ ಮುಂದ ಬಾಯಿ ಬಿಡಂಗಿಲ್ಲ.”

ಅವನು ಹೋದ ಮೇಲೆ ಅಂಗಿಯನ್ನು ಮಡಿಸಲು ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು. ಪ್ರೆಸ್ಸಿನ ಬಿಸಿ ಅದು, ದಿನಾ ಹಿಡಿಯುವ ಬಿಸಿ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಯಾರೋ ಈಗಷ್ಟೇ ಮೈಯಿಂದ ಬಿಚ್ಚಿ ಕೈಗೆ ಕೊಟ್ಟಂತೆ ಆಯಿತು. ಆರುವ ತನಕ ಮಡಿಸಲಿಲ್ಲ.

ಹೋದ ವರ್ಷ ಏನೇನೋ ತಮಾಷೆ ಬರೆದಿದ್ದೆ. ಮಗನನ್ನು ಕಳಿಸಿ ಎಂದೂ ಬರೆದಿದ್ದೆ. ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ನನಗೆ ನಿಮ್ಮ ಮೇಲೆ ಮರುಕ ಹುಟ್ಟುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ. ಇಲ್ಲದ ಮಗನಿಗೆ ಯಾಕಮ್ಮ ಅಂಗಿ? ಮನೆಯಲ್ಲಿ ಇರುವ ಮಗಳು ಕೇಳಿದರೆ ‘ಆಮೇಲೆ’ ಎನ್ನುತ್ತೀರಲ್ಲ. ಬರೆಯಬಾರದ್ದನ್ನು ಬರೆದಿದ್ದರೆ ಅಕ್ಕ ಎಂದು ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ,
ಸುನಂದಾ


ಬಾದನಹಟ್ಟಿ
24 ಸೆಪ್ಟೆಂಬರ್ 2024

ಸುನಂದಕ್ಕನವರಿಗೆ,

ಅಕ್ಕ ಎಂದು ನೀವೇ ಬರೆದಿರಿ, ಅದಕ್ಕೆ ಹಾಗೆಯೇ ಕರೆದಿದ್ದೇನೆ. ಬೇಸರವಿಲ್ಲ. ಊರವರು ಬೆನ್ನ ಹಿಂದೆ ಆಡುವುದನ್ನು ನೀವು ಮುಂದೆ ಆಡಿದಿರಿ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಓದಿ, ಆಮೇಲೆ ನನಗೆ ಹುಚ್ಚೋ ಅಲ್ಲವೋ ನೀವೇ ಹೇಳಿ.

ಅವತ್ತು ಆಟ ಮುಗಿದ ಮೇಲೆ ಹುಡುಗರು ಮಣ್ಣು ಮೈಯಲ್ಲಿ ಹೊಳೆಗೆ ಇಳಿದರು. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಸೆಳೆತ ಇತ್ತು. ಇವನು ಮುಳುಗಿದ್ದನ್ನು ಕಂಡವರು ಯಾರೂ ಇಲ್ಲ. ಎಲ್ಲರೂ ಮೇಲೆ ಬಂದಾಗ ಇವನು ಇರಲಿಲ್ಲ, ಅಷ್ಟೇ. ದಂಡೆಯ ಮೇಲೆ ಇವನ ಚಪ್ಪಲಿ ಇದ್ದವು. ಹೆಸರಿಲ್ಲದ ಯಾರದೋ ಹರಕು ಅಂಗಿ ಬಿದ್ದಿತ್ತು. ಇವನ ಅಂಗಿ ಇರಲಿಲ್ಲ. ನೀರಿಗೆ ಇಳಿಯುವಾಗ ಎಲ್ಲರೂ ಅಂಗಿ ಬಿಚ್ಚಿ ಇಟ್ಟಿದ್ದರು ಎಂದು ಅಂಜಿನಪ್ಪನೇ ಹೇಳಿದ್ದಾನೆ. ಹಾಗಾದರೆ ಅಂಗಿ ಎಲ್ಲಿ ಹೋಯಿತು? ಹೊಳೆ ದಂಡೆಗೆ ಹತ್ತಿ ಅಂಗಿ ಒಯ್ಯುತ್ತದೆಯೇ?

ಸಿರುಗುಪ್ಪದ ಬಸ್ ಸ್ಟ್ಯಾಂಡ್ ಹಾದಿಯಲ್ಲಿ ಮಿರ್ಚಿ ಬಜ್ಜಿ ಹಾಕುವ ನೀಲಾವತಿ ಎಂಬಾಕೆ ಇದ್ದಾಳೆ. ಎರಡನೇ ದಿನ ನಾನು ಫೋಟೊ ಹಿಡಿದುಕೊಂಡು ಹೋಗಿ ಕೇಳಿದೆ. “ಮುಖ ನೋಡಿಲ್ಲವ್ವಾ, ಸುಳ್ಳ್ಯಾಕ ಹೇಳಲಿ. ಕೆಂಪು ಅಂಗಿ, ಬೆನ್ನ ಮ್ಯಾಲ ರಾಮಾಂಜಿನಿ ಅಂತ ಬರದಿತ್ತು, ಏಳು ಅಂತ ಇತ್ತು. ಹೊಳಿ ಕಡಿಂದ ಬಂದು ಬಸ್ ಸ್ಟ್ಯಾಂಡ್ ಕಡಿ ಹೋದ. ನಮ್ಮಣ್ಣನ ಹೆಸರೂ ಅದ ಐತಿ, ಅದಕ್ಕ ನೆನಪೈತಿ” ಎಂದಳು. ಹುಡುಗರು ನೀರಿನಲ್ಲಿ ಇವನನ್ನು ಹುಡುಕುತ್ತಿದ್ದ ಹೊತ್ತು ಅದು. ಅಕ್ಕಾ, ಆಕೆಗೆ ನನ್ನ ಹತ್ತಿರ ಸುಳ್ಳು ಹೇಳಿ ಆಗಬೇಕಾದ್ದೇನಿದೆ?

ಆಟಕ್ಕೆ ಹೋಗುವ ಮುಂಚೆ ಮನೆಯಲ್ಲಿ ಓದಿನ ವಿಷಯಕ್ಕೆ ಜಗಳವಾಗಿತ್ತು. ಅವರಪ್ಪ ಓಬಣ್ಣ ಕೈ ಎತ್ತಿದ್ದರು. ಸಿಟ್ಟಿಗೆ ಎಲ್ಲಿಗೋ ಹೋಗಿದ್ದಾನೆ. ಸಿಟ್ಟು ಇಳಿದ ದಿನ ಫೋನ್ ಮಾಡುತ್ತಾನೆ. ನನ್ನ ನಂಬರು ಅವನಿಗೆ ಬಾಯಿಪಾಠ. ಅವನು ಮಾಡಿದಾಗ ಬೇರೆ ಯಾರದೋ ಮಾತು ನಡೆದಿರಬಾರದು. ನಾನು ಫೋನ್ ಮಾಡಬೇಡಿ ಎಂದದ್ದು ಅದಕ್ಕೆ.

ಮಹಾಲಯ ಅಮಾವಾಸ್ಯೆ ಬಂದಾಗೆಲ್ಲ ಮನೆಯಲ್ಲಿ ಒಂದೇ ಮಾತು. ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಡುತ್ತೇವಲ್ಲ, ಅಲ್ಲಿ ಇವನದೂ ಒಂದು ಇಡೋಣ ಎನ್ನುತ್ತಾರೆ. “ಇನ್ನ ಎಷ್ಟು ದಿನಲೇ ಯಂಕೀ, ಹುಡುಗ ಹಸದಾನ” ಎಂದು ಓಬಣ್ಣ ಹೋದ ವರ್ಷ ಅತ್ತರು. ನಾನು ಹೊಸ ಅಂಗಿಯನ್ನು ಗೂಟಕ್ಕೆ ಹಾಕಿ ತೋರಿಸಿದೆ. ಸತ್ತವರಿಗೆ ಇಡುವ ಬಟ್ಟೆ ಎಷ್ಟು ವರ್ಷವಾದರೂ ಒಂದೇ ಅಳತೆ. ನನ್ನ ಮಗನ ಅಳತೆ ಬೆಳೆಯುತ್ತಿದೆ.

ಮಜೂರಿ ಮತ್ತೆ ಕಳಿಸಿದ್ದೇನೆ, ತೆಗೆದುಕೊಳ್ಳಿ. ಅವನ ಅಂಗಿಯನ್ನು ಪುಕ್ಕಟೆ ಹಾಕಿಸಿದೆ ಎಂದು ನಾಳೆ ಅವನ ಬಾಯಲ್ಲಿ ಅನ್ನಿಸಿಕೊಳ್ಳಲಾರೆ.

ನಿಮ್ಮ ತಂಗಿ,
ಯಂಕಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
7 ಜುಲೈ 2025

ತಂಗಿ ಯಂಕಮ್ಮನಿಗೆ,

ಕ್ಷೇಮವೆಂದು ನಂಬಿದ್ದೇನೆ. ಸಣ್ಣ ವಿಷಯ. ತಂಬಿಗೆ ಇಟ್ಟು ಒತ್ತಿದೆ ಎಂದಿದ್ದಿರಲ್ಲ, ಆ ಕಲೆ ಏಳರ ಯಾವ ಕಡೆ ಬಿದ್ದಿತ್ತು? ಬಟ್ಟೆಯ ಮೇಲೂ ಇತ್ತೋ, ಅಕ್ಷರದ ಮೇಲೆ ಮಾತ್ರವೋ? ಸುಮ್ಮನೆ ಕೇಳಿದೆ. ಕೊಟ್ಟೂರಪ್ಪನ ಕೈಯಲ್ಲಿ ತಿಳಿಸಿ.

ಸುನಂದಾ


ಬಾದನಹಟ್ಟಿ
8 ಜುಲೈ 2025

ಸುನಂದಕ್ಕಾ,

ಏಳರ ಬಾಲದ ತುದಿಯಲ್ಲಿ, ಎಡಕ್ಕೆ. ಅರ್ಧ ಅಕ್ಷರದ ಮೇಲೆ, ಅರ್ಧ ಬಟ್ಟೆಯ ಮೇಲೆ. ಕೊಂಬು ಮೇಲ್ಮುಖ.

ಯಾಕೆ ಕೇಳಿದಿರಿ?

ಯಂಕಮ್ಮ


ಬಾದನಹಟ್ಟಿ
21 ಜುಲೈ 2025

ಸುನಂದಕ್ಕಾ,

ಕೊಟ್ಟೂರಪ್ಪ ಮೂರು ಸಲ ಬಳ್ಳಾರಿಗೆ ಬಂದು ಹೋದ. ಮೂರು ಸಲವೂ ಬರಿಗೈಯಲ್ಲಿ ಬಂದ. “ಅಕ್ಕಾರು ಒಳಗ ಅದಾರ, ಆದ್ರ ಹೊರಗ ಬರವಲ್ರು” ಎನ್ನುತ್ತಾನೆ.

ಸುಮ್ಮನೆ ಕೇಳುವವರು ನೀವಲ್ಲ. ಆ ಅಂಗಿ ನಿಮ್ಮ ಅಂಗಡಿಗೆ ಬಂದಿದೆ. ಅಂಗಿ ತಾನೇ ನಡೆದು ಬರುವುದಿಲ್ಲ. ಅವನು ಬಂದಿದ್ದನೇ? ಬಾಲ ಮತ್ತೆ ಎದ್ದಿತೆಂದು ಅಂಟಿಸಲು ತಂದನೇ? ಗಡ್ಡ ಬಂದಿದೆಯೇ? ನನ್ನ ಹೆಸರು ಎತ್ತಬೇಡಿ ಎಂದು ನಿಮ್ಮಿಂದ ಆಣೆ ಹಾಕಿಸಿಕೊಂಡಿದ್ದಾನೆಯೇ? ಹಾಗಿದ್ದರೆ ಎಲ್ಲಿದ್ದಾನೆ ಎಂದು ಹೇಳುವುದು ಬೇಡ. ಇದ್ದಾನೆ ಎಂದಷ್ಟೇ ಬರೆಯಿರಿ, ಸಾಕು.

ನಾನೇ ಬರೋಣವೆಂದು ನಿನ್ನೆ ಬಸ್ ಹತ್ತಿದೆ. ಕುರುಗೋಡಿನಲ್ಲಿ ಇಳಿದು ವಾಪಸ್ಸು ಬಂದೆ. ಯಾಕೆ ಇಳಿದೆ ಎಂದು ನನಗೇ ತಿಳಿಯಲಿಲ್ಲ.

ಯಂಕಮ್ಮ


ಸತ್ಯನಾರಾಯಣಪೇಟೆ, ಬಳ್ಳಾರಿ
4 ಆಗಸ್ಟ್ 2025

ತಂಗಿ ಯಂಕಮ್ಮಾ,

ಮಗ ಬರಲಿಲ್ಲ. ಅಂಗಿ ಮಾತ್ರ ಬಂತು.

ಇದನ್ನು ಮೊದಲ ಸಾಲಿನಲ್ಲಿಯೇ ಬರೆಯಬೇಕೆಂದು ಎಷ್ಟೋ ಹಾಳೆ ಹರಿದೆ. ಕೂತು ಓದಿ. ಹತ್ತಿರ ಯಾರಾದರೂ ಇರಲಿ.

ಜುಲೈ ಮೊದಲಿಗೆ ಒಬ್ಬ ಹುಡುಗ ಬಂದು ಹಳೆಯ ಕೆಂಪು ಅಂಗಿಯೊಂದನ್ನು ಮೇಜಿನ ಮೇಲಿಟ್ಟ. “ಇದರಾಗಿನ ಹೆಸರು ತಗದು ಕೊಡ್ರಿ ಅಕ್ಕಾ. ಬ್ಯಾರೆ ಏನೂ ಹಾಕೋದು ಬ್ಯಾಡ” ಎಂದ. ವಾರ ಬಿಟ್ಟು ಬರುತ್ತೇನೆಂದು ಹೋದ. ಹೆಸರು ನೋಡಿದೆ. ಆದರೆ ರಾಮಾಂಜಿನಿಗಳು ಜಿಲ್ಲೆಯ ತುಂಬ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಅಕ್ಷರಕ್ಕೆ ಬಿಸಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಆಗ ಚಿಮುಟದಿಂದ ಒಂದೊಂದಾಗಿ ಎಳೆಯಬೇಕು. ಸೊನ್ನೆಯೂ ಸೇರಿ ಐದೂ ತುಂಡು ಎಳೆದೆ. ಹೆಸರು ಹೋಗಲಿಲ್ಲ. ಬಿಸಿಲಿಗೆ ಅಂಗಿಯ ಬಣ್ಣ ಮಾಸಿತ್ತು, ಅಕ್ಷರ ಕೂತಿದ್ದ ಜಾಗ ಮಾತ್ರ ಹೊಸದರಂತೆ ಕೆಂಪಗಿತ್ತು. ಬಿಳಿಯಲ್ಲಿದ್ದ ರಾಮಾಂಜಿನಿ ಕೆಂಪಿನಲ್ಲಿ ಹಾಗೆಯೇ ಉಳಿದ. ಏಳನ್ನು ಕೀಳಲು ಬಗ್ಗಿದಾಗ ಚಂದ್ರ ಕಂಡಿತು. ಚಿಮುಟ ಕೆಳಗಿಟ್ಟೆ. ನಿಮಗೆ ಆ ಚೀಟಿ ಬರೆದದ್ದು ಆಗ.

ಹುಡುಗ ಮತ್ತೆ ಅಂಗಿಗೆ ಬಂದಾಗ ಕೂರಿಸಿ ಕೇಳಿದೆ. ತೆಕ್ಕಲಕೋಟೆಯವನು. ಹೆಸರು ದುರ್ಗೇಶ್. ಅವತ್ತಿನ ಆಟಕ್ಕೆ ನಿಮ್ಮೂರ ತಂಡ ಹೊರಗಿನಿಂದ ಕರೆಸಿಕೊಂಡಿದ್ದ ಆಟಗಾರ. ಒಂದು ಆಟಕ್ಕೆ ಬಂದವನ ಅಂಗಿಗೆ ಯಾರೂ ಹೆಸರು ಹಾಕಿಸುವುದಿಲ್ಲ. ಆಟದಲ್ಲಿ ಅವನ ಅಂಗಿ ಕೊರಳಿನಿಂದ ಕೆಳಗಿನ ತನಕ ಹರಿಯಿತಂತೆ. ಮುಂದಿನದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತು ಸೇರಿಸುವುದಿಲ್ಲ.

“ನನಗ ಬಳ್ಳಾರಿ ಬಸ್ ಹಿಡಿಯೋದಿತ್ತು. ಹರಕ ಅಂಗಿ ಹಾಕ್ಕೊಂಡು ಹೆಂಗ ಹೋಗಲಿ ಅಂತ ದಂಡಿ ಮ್ಯಾಲ ನಿಂತಿದ್ದೆ. ಉಳದಾವರೆಲ್ಲ ಆಗಲೇ ನೀರಿಗೆ ಇಳದಿದ್ರು. ರಾಮಾಂಜಿನಿ ತನ್ನ ಅಂಗಿ ಬಿಚ್ಚಿ ನನ್ನ ಮಾರಿಗೆ ಒಗದ. ‘ಹಾಕ್ಕೊಂಡು ಹೋಗಲೇ, ಗೆದ್ದಾವರು ಹರಕ ಹಾಕ್ಕೊಂಡು ಹೋಗಬಾರ್ದು’ ಅಂದ. ಅಂದು ನೀರಿಗೆ ಬಿದ್ದ. ನಾನು ನಡಕೊಂತ ಬಸ್ ಸ್ಟ್ಯಾಂಡಿಗೆ ಹೋದೆ. ಮರುದಿನ ಗೊತ್ತಾತು. ಓಡಿ ಹೋಗಿ ಹೇಳಬೇಕಂದೆ. ಅಷ್ಟರಾಗ ಅವರವ್ವ ‘ನನ್ನ ಮಗ ಅಂಗಿ ಹಾಕ್ಕೊಂಡು ಹೋಗ್ಯಾನ, ಕಂಡಾವರದಾರ’ ಅಂತ ನಕ್ಕೊಂತ ಎಲ್ಲಾರಿಗೂ ಹೇಳಾಕತ್ತಿದ್ರಂತ. ಆ ನಗಿ ಮುಂದ ಹೋಗಿ ಏನು ಹೇಳಲಿ ಅಕ್ಕಾ? ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇಲ್ಲಿ ತನ ಬಂತು.”

ಅಂಗಿಯನ್ನು ಸುಡಲು ಅವನಿಗೆ ಕೈ ಬರಲಿಲ್ಲವಂತೆ. ಈ ವರ್ಷ ಅದೇ ದಂಡೆಗೆ ಹೋಗಿ ಹೊಳೆಗೆ ಬಿಟ್ಟನಂತೆ. “ಮುಳುಗಲಿಲ್ಲರಿ. ಬೆನ್ನು ಮ್ಯಾಲ ಮಾಡಿ ತೇಲಿತು. ಹೆಸರು ಕಾಣಾಕತ್ತಿತ್ತು. ಇಳದು ಎತ್ಕೊಂಡು ಬಂದೆ” ಎಂದು ನನ್ನ ಅಂಗಡಿಯ ನೆಲದ ಮೇಲೆ ಕೂತು ಅತ್ತ. ಹೆಸರು ತೆಗೆಸಿ ಮತ್ತೆ ಬಿಡೋಣವೆಂದು ನನ್ನ ಹತ್ತಿರ ಬಂದದ್ದಂತೆ.

ನೀಲಾವತಿ ಸುಳ್ಳು ಹೇಳಿಲ್ಲ ಯಂಕಮ್ಮ. ಆಕೆ ಕಂಡದ್ದು ನಾನು ಅಂಟಿಸಿದ ಹೆಸರನ್ನು. ಹೆಸರು ಅದೇ, ಅದರೊಳಗಿನ ಬೆನ್ನು ಬೇರೆಯವನದು. ನೀವು ಇದ್ದಾನೆ ಎಂದಷ್ಟೇ ಬರೆಯಿರಿ ಎಂದಿರಿ. ಬರೆದುಬಿಡೋಣವೆಂದು ಒಂದು ದಿನ ಪೆನ್ನೂ ಹಿಡಿದೆ. ನೀವು ಮುಂದಿನ ವರ್ಷ ನಲವತ್ತೆರಡರ ಅಂಗಿ ಕಳಿಸುತ್ತೀರಿ, ಅದನ್ನು ಪ್ರೆಸ್ಸಿನಿಂದ ನಾನು ಎತ್ತಬೇಕು. ಅದು ನನ್ನಿಂದ ಆಗುವುದಿಲ್ಲ. ಹೇಳದೆ ಇರುವುದು ನನಗೆ ಸುಲಭವಿತ್ತು, ಹೇಳಿದ್ದಕ್ಕೆ ನೀವು ನನ್ನನ್ನು ಶಪಿಸಿದರೂ ಅದು ನನಗಿರಲಿ.

ಅಂಗಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅದು ನಿಮ್ಮದು. ದುರ್ಗೇಶ್ ನೀವು ಕರೆದರೆ ಬರುತ್ತಾನೆ, ಬೇಡವೆಂದರೆ ಇಲ್ಲ.

ನಿಮ್ಮ ಅಕ್ಕ,
ಸುನಂದಾ


ಬಾದನಹಟ್ಟಿ
10 ಸೆಪ್ಟೆಂಬರ್ 2025

ಸುನಂದಕ್ಕನಿಗೆ,

ತಿಂಗಳ ಮೇಲಾಯಿತು. ನೀವು ಕಾದಿರುತ್ತೀರಿ. ನಾನೂ ಹಾಗೆಯೇ ಕಾದವಳು, ಕಷ್ಟ ಗೊತ್ತಿದೆ.

ಮೊದಲು ನಿಮ್ಮನ್ನು ಶಪಿಸಿದೆ. ಮುಚ್ಚಿಡುವುದಿಲ್ಲ. ಆಮೇಲೆ ಆ ಹುಡುಗನನ್ನು. ಅಂಗಿಯನ್ನು ಗಂಟಿನಿಂದ ಬಿಚ್ಚಲೇ ಇಲ್ಲ. ಹದಿನೈದು ದಿನವಾದ ಮೇಲೆ ಕೊಟ್ಟೂರಪ್ಪನ ಕೈಯಲ್ಲಿ ತೆಕ್ಕಲಕೋಟೆಗೆ ಹೇಳಿ ಕಳಿಸಿದೆ, ಬಾ ಎಂದು.

ಬಂದ. ಹೊಸ್ತಿಲ ಆಚೆಯೇ ನಿಂತ. ಓಬಣ್ಣ ಅವನನ್ನು ನೋಡಿದ್ದೇ ಎದ್ದರು. “ಮೂರು ವರ್ಷ, ಮೂರು ವರ್ಷ ಲೇ ಮಗನ!” ಎಂದು ಕೈ ಎತ್ತಿದರು. ನಾನು ನಡುವೆ ಹೋದೆ. ಆ ಕೈ ಒಮ್ಮೆ ಎತ್ತಿದ್ದೇ ಈ ಮನೆಗೆ ಸಾಕಾಗಿದೆ. ಹುಡುಗ ತಪ್ಪಿಸಿಕೊಳ್ಳಲಿಲ್ಲ. ಹೊಡೆಸಿಕೊಳ್ಳಲಿಕ್ಕೆಂದೇ ಬಂದವನಂತೆ ನಿಂತಿದ್ದ.

ಗಂಟು ಬಿಚ್ಚಿ ಅಂಗಿಯನ್ನು ಅವನ ಕೈಗೆ ಕೊಟ್ಟೆ. “ಹಾಕ್ಕೊ” ಎಂದೆ.

“ಯವ್ವಾ, ಬ್ಯಾಡ.”

“ಹಾಕ್ಕೊ. ಹಾಕ್ಕೊಂಡು ಬಸ್ ಸ್ಟಾಪ್ ತನ ಹೋಗು. ಅವತ್ತು ಹೆಂಗ ಹೋದಿ, ಹಂಗ ಹೋಗು.”

ನೀಲಾವತಿ ಕಂಡದ್ದನ್ನು ನಾನು ಕಣ್ಣಾರೆ ಕಾಣಬೇಕಿತ್ತು. ನೀವು ಬರೆದದ್ದನ್ನು ತಲೆ ಒಪ್ಪಿತ್ತು, ನಾನು ಒಪ್ಪಿರಲಿಲ್ಲ. ಅವನು ಹಾಕಿಕೊಂಡ. ಅಳುತ್ತಲೇ ಓಣಿಗೆ ಇಳಿದು ನಡೆದ. ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಅಕ್ಕಾ, ನೀವು ಕಿತ್ತ ಹೆಸರು ಅಷ್ಟು ದೂರಕ್ಕೂ ಓದಲು ಬರುತ್ತಿತ್ತು. ಕೆಳಗೆ ಬಿಳಿ ಏಳು. ಭುಜ ಅದೇ, ಮಂಡಿ ಬಗ್ಗಿಸಿ ಇಡುವ ಹೆಜ್ಜೆ ಅದೇ. ಕಬಡ್ಡಿ ಆಡುವವರ ಹೆಜ್ಜೆ ಎಲ್ಲರದೂ ಒಂದೇ ಇರುತ್ತದೇನೋ. ಅವನು ನನ್ನ ಮಗನೇ ಆಗಿದ್ದ. ಬೇರೆಯವನೆಂದು ಗೊತ್ತಿದ್ದೂ ನನ್ನ ಎದೆಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹೇಮಾ ಶಾಲೆಯಿಂದ ಪಕ್ಕದ ಓಣಿಯಲ್ಲಿ ಬಂದಳು. ಅವಳಿಗೆ ಯಾವುದೂ ತಿಳಿದಿರಲಿಲ್ಲ. ಬೆನ್ನು ನೋಡಿದಳು, ಚೀಲ ಕೆಳಗೆ ಬಿಟ್ಟಳು, “ಅಣ್ಣಾ!” ಎಂದು ಕೂಗಿದಳು.

ಅವನು ತಿರುಗಿದ.

ದುರ್ಗೇಶನ ಮುಖ. ಮೂಗಿನ ಪಕ್ಕ ಒಂದು ಮಚ್ಚೆ, ಅತ್ತು ಊದಿದ ಕಣ್ಣು. ಬೇರೆ ತಾಯಿಯ ಮಗ. ಅವತ್ತು ನೀಲಾವತಿ ಆ ಹೆಸರಿನಿಂದ ಒಂದು ಸಲ ಕೂಗಿದ್ದರೆ ಅವನು ಹೀಗೆಯೇ ತಿರುಗುತ್ತಿದ್ದ. ಯಾರ ತಪ್ಪೂ ಅಲ್ಲ. ಮಿರ್ಚಿ ಮಾರುವವಳು ದಾರಿಯಲ್ಲಿ ಹೋಗುವವರನ್ನೆಲ್ಲ ಯಾಕೆ ಕೂಗುತ್ತಾಳೆ?

ಹೇಮಾ ಅವನನ್ನೂ ನನ್ನನ್ನೂ ನೋಡಿದಳು. ನಾನು ಕಟ್ಟೆ ಇಳಿಯುವಷ್ಟರಲ್ಲಿ ಓಡಿ ಬಂದು ನನ್ನ ಸೊಂಟ ಹಿಡಿದುಕೊಂಡಳು. ಅವಳ ತಲೆ ನನ್ನ ಗದ್ದಕ್ಕೆ ಬಡಿಯಿತು. ಇಷ್ಟು ಎತ್ತರ ಯಾವಾಗ ಬೆಳೆದಳೋ ನಾನು ನೋಡಿರಲಿಲ್ಲ. ಗೂಟದ ಮೇಲಿನ ಅಂಗಿಗಳನ್ನೇ ನೋಡುತ್ತಿದ್ದೆ. ಅಲ್ಲೇ ಓಣಿಯಲ್ಲಿ ಕೂತು ಅತ್ತೆ, ಮೂರು ವರ್ಷದ್ದನ್ನೂ ಸೇರಿಸಿ ಅತ್ತೆ. ಓಬಣ್ಣ ಬಂದು ಪಕ್ಕದಲ್ಲಿ ಕೂತರು. ದುರ್ಗೇಶ್ ದೂರದಲ್ಲೇ ನಿಂತಿದ್ದ. ಕತ್ತಲಾಗುವ ಮುಂಚೆ ಉಂಡು ಹೋಗು ಎಂದೆ, ಉಂಡು ಹೋದ.

ಈಗ ಕೆಲಸದ ಮಾತು. ಕೊಟ್ಟೂರಪ್ಪನ ಕೈಯಲ್ಲಿ ಎರಡು ಅಂಗಿ ಕಳಿಸಿದ್ದೇನೆ. ಹಸಿರಿನದು ಹೇಮಾಳದು. ಅವಳ ಹೆಸರು ಹಾಕಿ, ನಂಬರು ಹನ್ನೊಂದು. ಏಳು ಹಾಕಿಸಲೇ ಎಂದು ಕೇಳಿದೆ, “ಅದು ಅಣ್ಣಂದು, ನನಗ ನಂದ ಬೇಕು” ಎಂದಳು.

ಕೆಂಪಿನದಕ್ಕೆ ಎಂದಿನಂತೆ ರಾಮಾಂಜಿನಿ, ಏಳು. ಈ ಅಮಾವಾಸ್ಯೆಗೆ ಎಡೆಯ ಮುಂದೆ ಇಡುತ್ತೇವೆ. ಗೂಟದಲ್ಲಿದ್ದ ಎರಡನ್ನೂ ಇಳಿಸಿ ಮಡಿಸಿಟ್ಟಿದ್ದೇನೆ, ಅವು ಅವನ ಮೈಗೆ ಆಗುವುದಿಲ್ಲ. ಇದರ ಅಳತೆ ಮೂವತ್ತಾರು.

ಅಂಗಿ ಸಿದ್ಧವಾದಾಗ ಚೀಟಿ ಬರೆಯಬೇಡಿ ಅಕ್ಕಾ. ಫೋನ್ ಮಾಡಿ.

ನಿಮ್ಮ ತಂಗಿ,
ಯಂಕಮ್ಮ